ಶಾಸ್ತ್ರದ ಬಟ್ಟೆಗೆ ಕೆಂಪು

ಅನಂತಮತಿಯ ಮನೆಯಲ್ಲಿ ಆ ವರ್ಷ ಕಲೆಯಿಲ್ಲದ ಬೈರಾಸು ಒಂದೂ ಉಳಿದಿರಲಿಲ್ಲ. ಗಂಡ ಧರಣೇಂದ್ರ ಶಾಲೆಗೆ ಹೊರಡುವ ಮುಂಚೆ ಮುಖ ಒರೆಸಿಕೊಳ್ಳಲು ಹೋದರೆ ಒಂದರಲ್ಲಿ ಪುನರ್ಪುಳಿ ಹಣ್ಣಿನ ಕಲೆ, ಇನ್ನೊಂದರಲ್ಲಿ ಬಸಳೆ ಹಣ್ಣಿನ ಕಲೆ, ಮೂರನೆಯದರಲ್ಲಿ ಯಾತರದೆಂದು ಅವಳಿಗೇ ಮರೆತುಹೋದ ಒಂದು ಕಂದು ಕಲೆ. ಮಾಸ್ತರರು ಮಾತಾಡದೆ ಪಂಚೆಯ ಅಂಚಿನಲ್ಲೇ ಮುಖ ಒರೆಸಿಕೊಂಡು ಹೋಗುತ್ತಿದ್ದರು. ಅತ್ತೆ ಮಾತ್ರ ಅಷ್ಟು ಸಾಧು ಅಲ್ಲ.

"ಬೇರೆ ಮನೆಯ ಸೊಸೆಯಂದಿರು ಅಡುಗೆ ಮಾಡಿ ಕೈ ಸುಟ್ಟುಕೊಳ್ತಾರೆ. ನಮ್ಮ ಮನೆಯಲ್ಲಿ ಬಣ್ಣ ಬೇಯಿಸಿ ಅಡುಗೆ ಸುಡ್ತಾರೆ" ಎಂದು ಅವರು ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳುತ್ತಿದ್ದರು.

ಸುಟ್ಟದ್ದು ನಿಜ. ಒಂದು ಒಲೆಯಲ್ಲಿ ಪತ್ತಂಗ ಮರದ ಕೆಂಪು ಚಕ್ಕೆ ಕುದಿಯುವುದನ್ನೇ ನೋಡುತ್ತ ನಿಂತವಳಿಗೆ, ಇನ್ನೊಂದು ಒಲೆಯ ಹುರುಳಿ ಸಾರು ತಳ ಹಿಡಿದದ್ದು ಹೊಗೆ ಕಣ್ಣಿಗೆ ಹೊಕ್ಕ ಮೇಲೆಯೇ ಗೊತ್ತಾದದ್ದು.

ಇಷ್ಟೆಲ್ಲ ಯಾತಕ್ಕೆ ಎಂದರೆ ಒಂದು ಕೆಂಪಿಗೆ. ಮೂಡುಬಿದಿರೆಯಲ್ಲಿ ದೊಡ್ಡ ಬಸದಿಗಳಿಗೆ ಬರ ಉಂಟೇ? ಅನಂತಮತಿಯವರದ್ದು ಅವುಗಳಲ್ಲಿ ಯಾವುದೂ ಅಲ್ಲ. ಓಣಿಯ ಕೊನೆಯ ಹದಿನಾರು ಮನೆಯವರು ನಡೆಸಿಕೊಂಡು ಬಂದ ಒಂದು ಸಣ್ಣ ಬಸದಿ. ಅಲ್ಲಿ ತಾಳೆಗರಿಯ ಒಂದೇ ಒಂದು ಶಾಸ್ತ್ರದ ಕಟ್ಟು ಇತ್ತು. ವರ್ಷಕ್ಕೊಮ್ಮೆ ಶ್ರುತಪಂಚಮಿಯ ದಿನ ಅದನ್ನು ಹೊರಗೆ ತೆಗೆದು, ಧೂಳು ಒರೆಸಿ, ಪೂಜೆ ಮಾಡಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಇಡುವುದು ಪದ್ಧತಿ. ಸುತ್ತುವ ಬಟ್ಟೆಗೆ ವೇಷ್ಟನ ಎನ್ನುತ್ತಾರೆ. ಆ ವೇಷ್ಟನ ಬಸದಿಯ ಮೊಕ್ತೇಸರ ನೇಮಿರಾಜ ಪಡಿವಾಳರ ಮುತ್ತಜ್ಜಿ ತನ್ನ ಕೈಯಾರೆ ಬಣ್ಣ ಹಾಕಿ ಕೊಟ್ಟದ್ದು. ನೂರು ವರ್ಷ ಆದರೂ ಅದರ ಕೆಂಪು ಮಾಸಿರಲಿಲ್ಲ, ಬಟ್ಟೆ ಮಾತ್ರ ಜೀರ್ಣವಾಗಿ ಮಡಿಕೆಯಲ್ಲಿ ಹರಿಯತೊಡಗಿತ್ತು. ಒಂದು ವರ್ಷ ಯಾರೋ ಭಕ್ತಿಯಿಂದ ಅಂಗಡಿಯ ಕೆಂಪು ಬಟ್ಟೆ ತಂದು ಸುತ್ತಿಸಿದರು. ಆಟಿ ತಿಂಗಳ ಮಳೆಯ ತಂಪಿಗೆ ಅದರ ಬಣ್ಣ ಇಳಿದು ಗರಿಯ ಅಂಚಿಗೆ ಹತ್ತಿ, ಬಸದಿಯ ಪುರೋಹಿತರು ಮಗುವಿನ ಹಾಗೆ ಅತ್ತುಬಿಟ್ಟರು. ಅಂದು ಪಡಿವಾಳರು ಕಟ್ಟಳೆ ಮಾಡಿದರು: ಅಂಗಡಿಯ ಬಣ್ಣ ಬಸದಿಗೆ ಬರಕೂಡದು. ಯಾರಾದರೂ ಮನೆಯಲ್ಲೇ ಬಣ್ಣ ಹಾಕಿ ಕೊಡಿ, ಅದು ನಮ್ಮ ಮುತ್ತಜ್ಜಿಯ ಕೆಂಪೇ ಆಗಬೇಕು.

ನಾಲ್ಕು ಹೆಂಗಸರು ಹೊರಟರು. ಮೂವರು ಆರು ತಿಂಗಳಲ್ಲಿ ಕೈ ತೊಳೆದುಕೊಂಡರು. ಉಳಿದವಳು ಅನಂತಮತಿ.

ಅವಳು ಉಳಿದದ್ದಕ್ಕೆ ಕಾರಣ ಭಕ್ತಿ ಒಂದೇ ಅಲ್ಲ. ಓಣಿಯಲ್ಲಿ ಯಾರಿಗೆ ಕಸೂತಿಗೆ ಚಿತ್ತಾರ ಬೇಕಾದರೂ "ಅನಂತಕ್ಕ, ಒಂದು ಬಳ್ಳಿ ಬರೆದು ಕೊಡಿ" ಎಂದು ಅವಳ ಮನೆಗೇ ಬರುತ್ತಿದ್ದರು. ಅವಳಿಗೆ ಚಿತ್ತಾರ ಹುಡುಕಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಕ್ಕಿ ಗೇರುವಾಗ ಗೆರಸೆಯ ಹೆಣಿಗೆ ಕಣ್ಣಿಗೆ ಬಿದ್ದರೆ ಅದೇ ಒಂದು ಅಂಚು. ಪಡುವಲಕಾಯಿಯ ಬಿಳಿ ಗೆರೆ, ಬಾವಿಕಟ್ಟೆಯ ಜರಿಗಿಡದ ಸುರುಳಿ, ಮಲ್ಲಿಗೆಯನ್ನು ಬಾಳೆನಾರಿಗೆ ಕಟ್ಟಿದ ಸಾಲು, ಎಲ್ಲವೂ ಸೂಜಿಗೆ ಬಂದು ಕೂರುತ್ತಿದ್ದವು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ದಿಂಬಿನ ಚೀಲ, ಮೇಜಿನ ಬಟ್ಟೆ, ಬಾಗಿಲ ತೋರಣ ಮಾಡಿ ಕೊಟ್ಟಿದ್ದಳು. ದಿಂಬಿನ ಮೇಲೆ ಜನ ಎಣ್ಣೆತಲೆ ಇಟ್ಟು ಮಲಗಿದರು, ಮೇಜಿನ ಬಟ್ಟೆಗೆ ಕಾಫಿ ಚೆಲ್ಲಿದರು, ತೋರಣದ ಮಣಿಗಳನ್ನು ಮಕ್ಕಳು ಕಿತ್ತು ಆಡಿದರು. ತನ್ನ ಕೈಯ ಒಂದು ಕೆಲಸವಾದರೂ ಯಾರೂ ಕೈ ಒರೆಸದ ಜಾಗದಲ್ಲಿ ಇರಬೇಕು, ತಾನು ಸತ್ತ ಮೇಲೂ ಇರಬೇಕು ಎಂಬ ಆಸೆ ಅವಳಿಗೆ ಹೊಟ್ಟೆಹಸಿವಿನ ಹಾಗೆ ಇತ್ತು. ಅಂಥ ಜಾಗ ಅವಳಿಗೆ ಗೊತ್ತಿದ್ದದ್ದು ಒಂದೇ.

ಚಿತ್ತಾರ ಕರೆದಲ್ಲಿಗೆ ಬರುತ್ತಿತ್ತು. ಬಣ್ಣ ಬರುತ್ತಿರಲಿಲ್ಲ. ಕೆಂಪು ಎಂದರೆ ಎಷ್ಟು ಬಗೆ, ಅದರಲ್ಲಿ ಎಷ್ಟು ಮೋಸ ಎಂಬುದು ಕೆಂಪು ಹುಡುಕಿದವರಿಗೇ ಗೊತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿದಳು. ಆರತಿಯ ನೀರಿನಷ್ಟು ಚಂದ ಕೆಂಪಾಯಿತು, ಒಂದು ಸಲ ಒಗೆದರೆ ಹಳದಿ. ತೇಗದ ಚಿಗುರು ಅಂಗೈಯಲ್ಲಿ ಉಜ್ಜಿದರೆ ರಕ್ತದ ಹಾಗೆ ಕಾಣುತ್ತದೆ, ಬಟ್ಟೆಗೆ ಹಾಕಿದರೆ ಹಳಸಿದ ಗಂಜಿಯ ಬಣ್ಣ. ಬಸಳೆ ಹಣ್ಣಿನ ರಂಗು ಮೂರು ದಿನದ ವೈಭವ. ಪುನರ್ಪುಳಿ ಬಟ್ಟೆಯ ಮೇಲೆ ಎರಡು ದಿನ ನಗುತ್ತಿತ್ತು, ಮೂರನೆಯ ದಿನ ಮುಖ ಗಂಟು ಹಾಕುತ್ತಿತ್ತು. ಕೆಂಪು ಮುರಕಲ್ಲನ್ನು ಕುಟ್ಟಿ ಜರಡಿ ಹಿಡಿದು ಹಾಕಿದರೆ ಒಣಗಿದ ಮೇಲೆ ಧೂಳಾಗಿ ಉದುರಿತು. ಪತ್ತಂಗ ಮಾತ್ರ ಹತ್ತಿರಕ್ಕೆ ಬಂದಿತ್ತು. ಅದನ್ನೂ ಒಂದು ವಾರ ಬಿಸಿಲಿಗೆ ಹಾಕಿದರೆ ಜ್ವರ ಬಂದು ಎದ್ದವರ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಪ್ರತಿಯೊಂದನ್ನೂ ಬಿಸಿಲಿಗೆ, ಹುಣಸೆಹುಳಿಗೆ, ಸುಣ್ಣಕ್ಕೆ ಒಡ್ಡಿ ಯಾವುದು ಹೇಗೆ ತಿರುಗುತ್ತದೆ ಎಂದು ನೋಡಿ ನೋಡಿ ಅವಳಿಗೆ ಕೆಂಪುಗಳ ಜಾತಕವೇ ಬಾಯಿಪಾಠವಾಗಿತ್ತು. ಅದರಿಂದ ಬಂದ ಲಾಭ ಮಾತ್ರ ಸೊನ್ನೆ.

ಕಣ್ಣು ಕೂಡ ಕೆಟ್ಟುಹೋಗಿತ್ತು. ಒಮ್ಮೆ ಬಸ್ಸಿನಲ್ಲಿ ಎದುರು ಕೂತ ಹೆಂಗಸಿನ ವೀಳ್ಯದ ತುಟಿಯನ್ನೇ ಸಿದ್ದಕಟ್ಟೆಯ ತನಕ ನೋಡುತ್ತ ಕೂತಳು. ಕೊನೆಗೆ ಆ ಹೆಂಗಸು, "ಎಂತ ಅಕ್ಕ, ನನ್ನ ಹಲ್ಲಲ್ಲಿ ಎಂತ ಉಂಟು?" ಎಂದು ಜೋರಾಗಿ ಕೇಳಿ ಇಡೀ ಬಸ್ಸು ತಿರುಗಿ ನೋಡಿತು.

ಎರಡು ವರ್ಷದಲ್ಲಿ ಐದು ಸಲ ಪಡಿವಾಳರ ಚಾವಡಿಗೆ ಹೋದಳು. ಹೋಲಿಸಿ ನೋಡಲಿಕ್ಕೆಂದು ಅವರು ಹಳೆಯ ವೇಷ್ಟನದ ಅಂಚಿನಿಂದ ಮೂರು ಬೆರಳುದ್ದದ ಎರಡು ಎಳೆ ಕೊಟ್ಟಿದ್ದರು. ಅವಳು ತಂದ ಬಟ್ಟೆಯನ್ನು ಅವರು ಅಂಗಳದ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಕನ್ನಡಕ ಇಳಿಸಿ, ಕೊನೆಗೆ ಹೇಳುವ ಮಾತು ಒಂದೇ.

"ಇದು ಅದಲ್ಲ."

"ಸ್ವಲ್ಪ ಹತ್ತಿರ ಉಂಟಲ್ಲ, ಪಡಿವಾಳರೇ?"

"ಹತ್ತಿರ ಇದ್ದರೆ ಎಂತ? ಪಕ್ಕದ ಮನೆಯೂ ಹತ್ತಿರವೇ ಉಂಟು. ನಮ್ಮ ಮನೆ ಆಗ್ತದಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಪಡಿವಾಳರು. ಅನಂತಮತಿಗೆ ಅಲ್ಲೇ ಬಟ್ಟೆಯನ್ನು ಅವರ ಕೈಯಿಂದ ಕಿತ್ತು ಹರಿದು ಹಾಕಬೇಕೆನಿಸುತ್ತಿತ್ತು. ಅವರು ಹೇಳಿದ್ದು ಸರಿ ಎನ್ನುವುದೇ ಸಿಟ್ಟಿಗೆ ಇನ್ನಷ್ಟು ತುಪ್ಪ. ಅದು ಅದಲ್ಲ ಎಂದು ಮನೆಯಿಂದ ಹೊರಡುವಾಗಲೇ ಅವಳ ಕಣ್ಣಿಗೂ ಗೊತ್ತಿರುತ್ತಿತ್ತು.

ಆಣೆ ಹೋಗಿ ನಯೇಪೈಸೆ ಬಂದ ಮರುವರ್ಷದ ಬೇಸಗೆಯಲ್ಲಿ ಅವಳು ಅಣ್ಣನ ಮಗಳ ಸೀಮಂತಕ್ಕೆಂದು ತವರುಮನೆ ಬಂಟ್ವಾಳಕ್ಕೆ ಹೋದಳು. ಸೀಮಂತದ ಮರುದಿನ ಅತ್ತಿಗೆ ಸೀಗೆಕಾಯಿ ತರಲಿಕ್ಕೆಂದು ಪೇಟೆಗೆ ಕರೆದುಕೊಂಡು ಹೋದಳು. ಯಾಕೂಬ್ ಬ್ಯಾರಿಯವರ ಅಂಗಡಿಯಲ್ಲಿ ಕಾಡಿನ ಸಾಮಾನು ಎಲ್ಲ ಸಿಗುತ್ತಿತ್ತು: ಸೀಗೆ, ಅಂಟುವಾಳ, ರಾಳ, ಜೇನುಮೇಣ, ಅಳಲೆಕಾಯಿ. ಅತ್ತಿಗೆ ಸೀಗೆ ಆರಿಸುತ್ತಿದ್ದಾಗ ಅನಂತಮತಿ ಅಭ್ಯಾಸಬಲದಿಂದ ಕೇಳಿದಳು, "ಬಟ್ಟೆಗೆ ಹಾಕುವಂಥ ಕೆಂಪು ಎಂತಾದರೂ ಉಂಟಾ ಸಾಹುಕಾರರೇ? ಪೊಟ್ಟಣದ್ದು ಬೇಡ."

ಯಾಕೂಬ್ ಅವಳ ಬೆರಳುಗಳನ್ನು ನೋಡಿದರು. ಉಗುರಿನ ಸಂದಿನಲ್ಲಿ ಎರಡು ವರ್ಷದ ಪ್ರಯೋಗ ಕೂತಿತ್ತು.

"ಪತ್ತಂಗ ನೋಡಿ ಆಯಿತಾ ಅಮ್ಮ?"

"ಆಯಿತು. ನಿಲ್ಲುವುದಿಲ್ಲ."

ಅವರು ಒಳಗಿನಿಂದ ಒಂದು ಗೋಣಿ ಎಳೆದು ತಂದರು. ಅದರೊಳಗೆ ಒಣ ಕೊಂಬೆಗಳು. ಕೊಂಬೆಯ ಸುತ್ತ ಹುಣ್ಣಿನ ಹಕ್ಕಳೆಯ ಹಾಗೆ ಕಂದುಬಣ್ಣದ ಗಟ್ಟಿ ಪದರ.

"ಇದು ಅರಗು. ಮರದ ಅಂಟು. ಅಕ್ಕಸಾಲಿಗರು ತೆಕ್ಕೊಂಡು ಹೋಗ್ತಾರೆ, ಬಳೆಯೊಳಗೆ ತುಂಬಿಸ್ಲಿಕ್ಕೆ. ಅವರಿಗೆ ಅಂಟು ಬೇಕು, ಬಣ್ಣ ಬೇಡ. ಕುಟ್ಟಿ ನೀರಲ್ಲಿ ತೊಳೆದು ಕೆಂಪು ನೀರನ್ನು ಚರಂಡಿಗೆ ಚೆಲ್ತಾರೆ. ಆ ನೀರು ನನ್ನ ಪಂಚೆಗೆ ಒಮ್ಮೆ ರಟ್ಟಿದ್ದು, ಪಂಚೆ ಹರಿದುಹೋಯಿತು, ಕಲೆ ಹೋಗಲಿಲ್ಲ."

"ಎಲ್ಲಿಂದ ಬರ್ತದೆ?"

"ನೆರಿಯದ ಕಾಡಿಂದ. ಡೊಂಬಯ್ಯ ಅಂತ ಒಬ್ಬ ಇದ್ದಾನೆ, ಅವನು ಗೋಳಿ, ಅಶ್ವತ್ಥದ ಕೊಂಬೆ ಕಡಿದು ತರ್ತಾನೆ. ತೆಕ್ಕೊಂಡು ಹೋಗಿ ಒಮ್ಮೆ ನೋಡಿ. ಆಗದಿದ್ದರೆ ವಾಪಸು ಕೊಡಿ."

ಯಾಕೂಬ್ ಸುಳ್ಳು ಹೇಳುವ ಮನುಷ್ಯ ಅಲ್ಲ. ಅರಗು ಎಂದರೆ ಮರದ ಅಂಟು ಎಂದೇ ಅವರು ನಂಬಿದ್ದರು, ಬಂಟ್ವಾಳದ ಪೇಟೆಯೆಲ್ಲ ಹಾಗೆಯೇ ನಂಬಿತ್ತು. ಹಲಸಿನ ಮೇಣ, ಗೇರಿನ ಅಂಟು, ಧೂಪದ ರಾಳ ಇದ್ದ ಹಾಗೆ ಇದೂ ಒಂದು ಎಂದು ಅನಂತಮತಿಯೂ ನಂಬಿದಳು.

ಮೂಡುಬಿದಿರೆಗೆ ಬಂದು ಕೆಲಸ ಹಿಡಿದಳು. ಈ ಸಲ ಶಾಸ್ತ್ರಕ್ಕೆ ಏನೊಂದೂ ಅಪಚಾರ ಆಗಬಾರದು ಎಂದು ಬಣ್ಣಕ್ಕೆ ಬೇಕಾದ ಬಾವಿ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ ತಂದಳು. ಸೋಸಿದ ಬಟ್ಟೆಯಲ್ಲಿ ಸಿಕ್ಕಿದ ಕಣ್ಣಿಗೆ ಕಾಣದ ಜೀವಗಳು ಬದುಕಲಿ ಎಂದು ಆ ಬಟ್ಟೆಯನ್ನು ಬಾವಿಯ ನೀರಿಗೇ ಜಾಲಿಸಿ ಬಿಟ್ಟಳು. ರೇಷ್ಮೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆಂದು ಗೊತ್ತಿದ್ದರೂ ರೇಷ್ಮೆಹುಳದ ಪಾಪ ಬೇಡವೆಂದು ಹತ್ತಿಯ ಬಟ್ಟೆಯನ್ನೇ ಆರಿಸಿದಳು. ಹೊತ್ತು ಮುಳುಗಲಿಕ್ಕೆ ಮೊದಲೇ ಹಂಡೆಗೆ ಬಟ್ಟೆ ಕಟ್ಟಿ ಮುಚ್ಚುತ್ತಿದ್ದಳು, ದೀಪದ ಹುಳ ಬಣ್ಣಕ್ಕೆ ಬಿದ್ದು ಸಾಯಬಾರದೆಂದು. ಒಂದು ಬೆಳಿಗ್ಗೆ ಹಂಡೆಯ ಅಂಚಿನಲ್ಲಿ ಒಂದು ಇರುವೆ ಕಂಡು, ಅದನ್ನು ಹುಲ್ಲುಕಡ್ಡಿಯಲ್ಲಿ ಎತ್ತಿ ತುಳಸಿಕಟ್ಟೆಗೆ ಬಿಟ್ಟು ಬಂದ ಮೇಲೆಯೇ ಒಲೆ ಹೊತ್ತಿಸಿದಳು.

ಅರಗನ್ನು ಒರಳಿನಲ್ಲಿ ಕುಟ್ಟಿ, ತೊಳೆದು, ಕೆಂಪು ನೀರು ಇಳಿಸಿದಳು. ಬಟ್ಟೆಯನ್ನು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಪಟಿಕದ ನೀರಿಗೆ ಹಾಕಿ, ಆಮೇಲೆ ಬಣ್ಣಕ್ಕೆ ಬಿಟ್ಟಳು. ಒಂದು ಸಲಕ್ಕೆ ಗುಲಾಬಿ. ಮೂರು ಸಲಕ್ಕೆ ದಾಳಿಂಬೆ. ಏಳನೆಯ ಸಲ ಎತ್ತಿ ಮನೆಮಾಡಿನ ನೆರಳಿಗೆ ಹಾಕಿ, ಒಣಗಿದ ಮೇಲೆ ಪಡಿವಾಳರು ಕೊಟ್ಟ ಹಳೆಯ ಎಳೆಯೊಂದನ್ನು ಅದರ ಮೇಲೆ ಇಟ್ಟಳು. ಇಟ್ಟ ಎಳೆ ಕಾಣಲಿಲ್ಲ. ಬೆರಳಿನಿಂದ ಸವರಿ ಹುಡುಕಬೇಕಾಯಿತು. ಅನಂತಮತಿ ಅಂಗಳದಲ್ಲೇ ಕೂತುಬಿಟ್ಟಳು. ಎರಡು ವರ್ಷದ ನಂತರ ಅವಳಿಗೆ ಅಳು ಬಂದದ್ದು ಆಗಲೇ.

ಅದೇ ಬಣ್ಣದಲ್ಲಿ ಇನ್ನೆರಡು ಸಲ ಅದ್ದಿದ ದಾರದಿಂದ ಸುತ್ತ ಗೆರಸೆಯ ಹೆಣಿಗೆಯ ಅಂಚು ಹೊಲಿದಳು. ಚಾವಡಿಗೆ ಒಯ್ದಾಗ ಪಡಿವಾಳರು ಬಟ್ಟೆಯನ್ನು ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಒರೆಸಿದರು.

"ಇದು ಅದೇ" ಎಂದರು. "ಮುತ್ತಜ್ಜಿಯ ಕೈಯೇ ಬಂದ ಹಾಗೆ ಉಂಟು ಮಾರಾಯ್ತಿ. ಪಂಚಮಿಯವರೆಗೆ ಯಾರಿಗೂ ತೋರಿಸಬೇಡ. ಮೊದಲು ಶಾಸ್ತ್ರ ನೋಡಲಿ, ಆಮೇಲೆ ಜನ ನೋಡಲಿ."

ಹನ್ನೊಂದು ದಿನ ಅವಳು ನೆಲದ ಮೇಲೆ ನಡೆಯಲಿಲ್ಲ. ಅತ್ತೆ ಕೂಡ, "ಹುಡುಕಿದಳಪ್ಪ, ಹಠವಾದಿ" ಎಂದು ಹೊಗಳಿದಂತೆಯೂ ಬೈದಂತೆಯೂ ಹೇಳಿದರು. ಪಂಚಮಿಗೆ ನಾಲ್ಕು ದಿನ ಇತ್ತು.

ಆಗ ಬಂದವನು ಡೊಂಬಯ್ಯ. ಇನ್ನಷ್ಟು ಅರಗು ಸಿಕ್ಕರೆ ಕಳಿಸಿ ಎಂದು ಅವಳು ಯಾಕೂಬರಿಗೆ ಹೇಳಿ ಕಳಿಸಿದ್ದಳು. ಮೂಡುಬಿದಿರೆಯಲ್ಲಿ ಬೇರೆ ಕೆಲಸವೂ ಇದ್ದುದರಿಂದ ಅವನೇ ಬೆಳ್ತಂಗಡಿಯಿಂದ ಎರಡು ಬಸ್ಸು ಬದಲಾಯಿಸಿ ಗೋಣಿ ಹೊತ್ತು ಬಂದಿದ್ದ. ಅಂಗಳದಲ್ಲಿ ಇಳಿಸಿ, ಬೆಲ್ಲ ನೀರು ಕುಡಿದು, ಹೆಮ್ಮೆಯಿಂದ ಹೇಳಿದ, "ಒಳ್ಳೆ ಬಣ್ಣದ್ದೇ ತಂದಿದ್ದೇನೆ ಅಮ್ಮ. ಹುಳ ಎಲ್ಲ ಒಳಗೇ ಉಂಟು."

"ಎಂತ ಹುಳ?"

"ಅರಗಿನ ಹುಳ. ಇನ್ನು ಹತ್ತು ದಿನ ಬಿಟ್ಟಿದ್ದರೆ ಮರಿಗಳು ಹೊರಟು ಹೋಗ್ತಿದ್ದವು. ಆಮೇಲೆ ಬರೀ ಗೂಡು. ಅದು ಅಕ್ಕಸಾಲಿಗರಿಗೆ ಸಾಕು, ನಿಮಗೆ ಬಣ್ಣ ಸಿಗುವುದಿಲ್ಲ. ಆ ಅಮ್ಮನಿಗೆ ಬಣ್ಣವೇ ಮುಖ್ಯ ಅಂತ ಸಾಹುಕಾರರು ಹೇಳಿದ್ರು, ಹಾಗೆ ಬೇಗ ಕಡಿದೆ."

"ಇದು ಮರದ ಅಂಟಲ್ಲವಾ?"

ಡೊಂಬಯ್ಯನಿಗೆ ನಗು ಬಂತು. "ಮರದ ಅಂಟಲ್ಲಿ ಎಲ್ಲಿಯ ಕೆಂಪು ಅಮ್ಮ? ಹುಳ ಕೊಂಬೆಗೆ ಕಚ್ಚಿಕೊಂಡು ಮೇಲಿಂದ ಗೂಡು ಕಟ್ಟಿಕೊಳ್ತದೆ. ಕೆಂಪು ಇರುವುದು ಅದರ ಮೈಯಲ್ಲಿ. ಇಲ್ಲಿ ನೋಡಿ" ಎಂದು ಉಗುರಿನಿಂದ ಪದರ ಕಿತ್ತು, ಒಳಗಿನ ಸಾಸಿವೆಗಿಂತ ಸಣ್ಣ ಕಾಳೊಂದನ್ನು ಒತ್ತಿದ. ಉಗುರಿನ ಮೇಲೆ ಕೆಂಪು ಒಡೆಯಿತು. ಅದೇ ಕೆಂಪು.

ಅನಂತಮತಿ "ಬೇಡ, ಬೇಡ" ಎಂದು ಕೂಗಿದ್ದು ಒಳಗಿದ್ದ ಅತ್ತೆಗೂ ಕೇಳಿಸಿತು.

"ಇವನ್ನು ವಾಪಸು ತೆಕ್ಕೊಂಡು ಹೋಗಿ ಮರಕ್ಕೆ ಕಟ್ಟು ಡೊಂಬಯ್ಯ. ಬದುಕ್ತಾವಾ?"

"ಬದುಕ್ತಾವೆ. ಕಟ್ಟಿದರೆ ಹೊಸ ಕೊಂಬೆಗೆ ಹತ್ತಿಕೊಳ್ತಾವೆ" ಎಂದ ಅವನು ಏನೂ ಅರ್ಥವಾಗದೆ, ಗೋಣಿಯನ್ನು ಮತ್ತೆ ಹೆಗಲಿಗೆ ಏರಿಸಿದ.

ಅವನು ಹೋದ ಮೇಲೆ ಅವಳು ಲೆಕ್ಕ ಹಾಕಲು ಹೊರಟು ನಿಲ್ಲಿಸಿದಳು. ಒಂದು ಗೇಣು ಕೊಂಬೆಗೆ ಎಷ್ಟು ಹುಳ? ಅವಳು ಕುಟ್ಟಿದ್ದು ಒಂದು ಗೋಣಿ. ಒಂದು ಇರುವೆಗೆ ಕಡ್ಡಿ ಕೊಟ್ಟು ದಾಟಿಸಿದ ಕೈಯಲ್ಲೇ ಒರಳಿಗೆ ಹಾಕಿ ಕುಟ್ಟಿದ್ದು. ಅವಳಿಗೆ ತನ್ನ ಮೇಲೆ, ಯಾಕೂಬರ ಮೇಲೆ, ಪಡಿವಾಳರ ಮುತ್ತಜ್ಜಿಯ ಮೇಲೆ, ಹುಳಕ್ಕೆ ಅಂಥ ಚಂದದ ಬಣ್ಣ ಕೊಟ್ಟ ಸೃಷ್ಟಿಯ ಮೇಲೆಯೇ ಸಿಟ್ಟು ಬಂತು. ಎಲ್ಲಕ್ಕಿಂತ ಸಿಟ್ಟು ಬಂದದ್ದು, ಪೆಟ್ಟಿಗೆ ತೆರೆದು ನೋಡಿದರೆ ಆ ಬಟ್ಟೆ ಈಗಲೂ ಅಷ್ಟೇ ಚಂದ ಕಂಡದ್ದಕ್ಕೆ.

ಸಂಜೆ ಧರಣೇಂದ್ರ ಎಲ್ಲ ಕೇಳಿ ಮಾಸ್ತರರ ಧಾಟಿಯಲ್ಲಿ ಸಮಾಧಾನ ಹೇಳಿದರು, "ಗೊತ್ತಿದ್ದು ಮಾಡಿದ್ದಲ್ಲವಲ್ಲ. ಗೊತ್ತಿಲ್ಲದ್ದಕ್ಕೆ ಉಪವಾಸ ಉಂಟು, ಜಪ ಉಂಟು. ಊರಿಗೆಲ್ಲ ಡಂಗುರ ಯಾಕೆ?"

"ನಿಮ್ಮ ಬೈರಾಸು ಆಗಿದ್ದರೆ ಸುಮ್ಮನಿರ್ತಿದ್ದೆ. ಇದು ಶಾಸ್ತ್ರಕ್ಕೆ ಸುತ್ತುವುದು. ಆ ಗರಿಗಳಲ್ಲಿ ಎಂತ ಬರೆದದ್ದು ಅಂತ ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಸಣ್ಣ ಹುಳವನ್ನೂ ಕೊಲ್ಲಬಾರದೆಂದು.

ಮರುದಿನ ಬೆಳಿಗ್ಗೆ ಅವಳು ಬಟ್ಟೆಯನ್ನೂ ಹಳೆಯ ಎರಡು ಎಳೆಯನ್ನೂ ಹಿಡಿದು ಪಡಿವಾಳರ ಚಾವಡಿಗೆ ಹೋದಳು. ಹೇಳುತ್ತ ಹೋದಂತೆ ಪಡಿವಾಳರ ಮುಖ ಕಪ್ಪಿಟ್ಟಿತು.

"ಶಿವ ಶಿವಾ ಅನ್ನುವವರ ಮನೆಯಲ್ಲೂ ಇಂಥದ್ದು ಮಾಡುವುದಿಲ್ಲ! ಹುಳ ಕುಟ್ಟಿ ಬಸದಿಗೆ ತರ್ಲಿಕ್ಕೆ ಹೊರಟದ್ದಾ ನೀನು? ತೆಗೆದುಕೊಂಡು ಹೋಗು ಇಲ್ಲಿಂದ."

"ಹೋಗ್ತೇನೆ. ಆದರೆ ಹಳೆಯದ್ದನ್ನು ಎಂತ ಮಾಡ್ತೀರಿ?"

"ಹಳೆಯದ್ದಕ್ಕೆ ಎಂತ?"

ಅದುವರೆಗೆ ಅವರಿಗೆ ಹೊಳೆದಿರಲಿಲ್ಲ. ಅನಂತಮತಿ ಅವರ ಎಲೆತಟ್ಟೆಯಿಂದ ಚಿಟಿಕೆ ಸುಣ್ಣ ತೆಗೆದು ನೀರಲ್ಲಿ ಕಲಸಿದಳು. ತನ್ನ ಬಟ್ಟೆಯ ಮೂಲೆಗೆ ಒಂದು ಹನಿ ಬಿಟ್ಟಳು. ಕೆಂಪು ಕಪ್ಪೇರಿ ನೇರಳೆಯಾಯಿತು. ಹಳೆಯ ಎಳೆಗೆ ಒಂದು ಹನಿ ಬಿಟ್ಟಳು. ಅದೂ ಕಪ್ಪೇರಿ ಅದೇ ನೇರಳೆಯಾಯಿತು.

"ಪತ್ತಂಗ ಆಗಿದ್ದರೆ ಗುಲಾಬಿಗೆ ತಿರುಗ್ತಿತ್ತು. ಅರಿಶಿನದ್ದಾದರೆ ಹೀಗೆ ತಿರುಗುವುದೇ ಇಲ್ಲ. ಎರಡು ವರ್ಷ ನಾನು ಇದೇ ಮಾಡಿದ್ದು ಪಡಿವಾಳರೇ. ಇದು ಅದೇ ಅಂತ ನೀವೇ ಹೇಳಿದಿರಿ. ಅದೇ."

ಪಡಿವಾಳರು ಎರಡು ಕಲೆಗಳನ್ನೂ ನೋಡುತ್ತ ಕೂತರು. ಸಿಟ್ಟು ಇಳಿದು ಮುಖದಲ್ಲಿ ಬೇರೇನೋ ಬಂದಿತ್ತು. ಹೆದರಿಕೆ ಎಂದರೂ ತಪ್ಪಿಲ್ಲ.

"ಮುತ್ತಜ್ಜಿ ರಾತ್ರಿ ದೀಪ ಹಚ್ಚಲಿಕ್ಕೂ ಹೆದರ್ತಿದ್ದವರಂತೆ" ಎಂದರು ಮೆಲ್ಲಗೆ, "ಹುಳ ಬಂದು ಬೀಳ್ತದೆ ಅಂತ."

"ಅವರಿಗೂ ಗೊತ್ತಿರಲಿಲ್ಲ, ನನ್ನ ಹಾಗೆ."

"ನಿನ್ನ ಹಾಗೆ ಅಂತ ಹೇಳಬೇಡ!" ಪಡಿವಾಳರು ಎದ್ದು ನಿಂತರು. ಎರಡೂ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಈ ವಿಷಯ ಈ ಚಾವಡಿ ದಾಟಬಾರದು. ನಿನ್ನ ಬಟ್ಟೆ ಬೇಡ. ಈ ವರ್ಷವೂ ಹಳೆಯದ್ದನ್ನೇ ಸುತ್ತುವ."

ತಪ್ಪಾದರೆ ಎರಡೂ ತಪ್ಪು. ಸರಿಯಾದರೆ ಎರಡೂ ಸರಿ. ನೂರು ವರ್ಷದ ಹಿಂದೆ ಸತ್ತ ಹುಳ ಪವಿತ್ರ, ಹೋದ ತಿಂಗಳು ಸತ್ತದ್ದು ಮೈಲಿಗೆ ಎನ್ನುವುದು ಯಾವ ಸೀಮೆಯ ನ್ಯಾಯ? ಅನಂತಮತಿಯ ನಾಲಿಗೆ ತುದಿಯವರೆಗೆ ಬಂದ ಮಾತು ಬಿಸಿ ತುಪ್ಪವಾಗಿ ಅಲ್ಲೇ ನಿಂತಿತು. ಹಿರಿಯರ ಎದುರು ಇಷ್ಟು ಮಾತಾಡಿದ್ದೇ ಅವಳ ಜನ್ಮದಲ್ಲಿ ಮೊದಲು. ಮನೆಗೆ ಬಂದು ಬಟ್ಟೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಅತ್ತೆಯ ಮೇಲೆ ರೇಗಿ, ಆ ದಿನ ಉಪವಾಸ ಮಾಡಿದಳು. ಉಪವಾಸ ಹುಳಗಳಿಗೋ ಸಿಟ್ಟಿಗೋ ಅವಳಿಗೇ ಗೊತ್ತಿರಲಿಲ್ಲ.

ಪಂಚಮಿಯ ಹಿಂದಿನ ದಿನ ಪಡಿವಾಳರ ಸೊಸೆ ವಿಮಲಾ ಬಂದಳು. ಅವಳ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಹಳೆಯ ವೇಷ್ಟನ.

"ಮಾವ ಕಳಿಸಿದ್ದು ಅನಂತಕ್ಕ. ನಡುವಲ್ಲಿ ಒಂದು ಗೇಣು ಹರಿದುಬಿಟ್ಟಿದೆ. ನಾಳೆಗೆ ಹೊಲಿದು ಕೊಡಬೇಕಂತೆ. ಹೊಂದುವ ಕೆಂಪು ದಾರ ನಿಮ್ಮ ಹತ್ತಿರ ಉಂಟಂತಲ್ಲ, ಅದರಲ್ಲೇ ಹೊಲಿದರೆ ಹರಿದದ್ದು ಯಾರಿಗೂ ಗೊತ್ತಾಗುವುದಿಲ್ಲವಂತೆ."

ಅನಂತಮತಿ ಅವಳ ಮುಖ ನೋಡಿದಳು. ವಿಮಲಾಳಿಗೆ ಏನೂ ತಿಳಿಯದು ಎಂಬುದು ಕಣ್ಣಲ್ಲೇ ಕಾಣುತ್ತಿತ್ತು.

"ಹಾಗೆ ಹೇಳಿದ್ರಾ? ಅದೇ ದಾರದಲ್ಲಿ ಅಂತ?"

"ಹೌದು. ಯಾಕೆ ಅನಂತಕ್ಕ, ದಾರ ಮುಗಿಯಿತಾ?"

"ದಾರ ಉಂಟು" ಎಂದಳು ಅನಂತಮತಿ. "ಇಟ್ಟು ಹೋಗು."

ಬಾಗಿಲ ಬೆಳಕಿಗೆ ಕೂತು ಹಳೆಯ ಬಟ್ಟೆಯನ್ನು ಮೊದಲ ಸಲ ಪೂರ್ತಿ ಬಿಡಿಸಿ ನೋಡಿದಳು. ಬಣ್ಣ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಒಂದು ಅಂಚಿನಲ್ಲಿ ಅದ್ದುವಾಗ ಹಿಡಿದ ಹೆಬ್ಬೆರಳಿನಷ್ಟು ಜಾಗ ಮಸುಕಾಗಿತ್ತು. ಇನ್ನೊಂದು ಮೂಲೆಯಲ್ಲಿ ಬಣ್ಣ ಗಟ್ಟಿಯಾಗಿ ಕೂತು ಕಪ್ಪಾಗಿತ್ತು, ಅನಂತಮತಿಯ ಮೂರನೆಯ ಅದ್ದಿಕೆಯಲ್ಲಿ ಆದ ತಪ್ಪೇ. ಆ ಮುತ್ತಜ್ಜಿಯೂ ಒಲೆಯ ಮುಂದೆ ನಿಂತಿದ್ದಳು, ಅವಳ ಸಾರೂ ತಳ ಹಿಡಿದಿರಬೇಕು, ಅವಳಿಗೂ ಯಾರೋ ಮರದ ಅಂಟು ಎಂದು ಹೇಳಿರಬೇಕು. ಪಾಪದವಳು, ಗೊತ್ತಾಗದೆಯೇ ಸತ್ತಳು. ಅವಳ ಮೇಲಿದ್ದ ಸಿಟ್ಟು ಅನಂತಮತಿಗೆ ಅಲ್ಲಿಗೆ ಇಳಿಯಿತು. ಮರಿಮಗನ ಮೇಲಿನದ್ದು ಇಳಿಯಲಿಲ್ಲ.

ಕೆಂಪು ದಾರದ ಲಡಿ ಪಕ್ಕದಲ್ಲೇ ಇತ್ತು. ಅದರಲ್ಲಿ ಹೊಲಿದರೆ ಹರುಕು ಮಾಯವಾಗುತ್ತದೆ. ಅವಳ ಕೈಗೆ ಅದು ಅರ್ಧ ತಾಸಿನ ಕೆಲಸ, ಊರಲ್ಲಿ ಬೇರೆ ಯಾರ ಕೈಗೂ ಆಗದ ಕೆಲಸ. ಎರಡು ಸಲ ಸೂಜಿಗೆ ಆ ದಾರ ಪೋಣಿಸಿ ಎರಡು ಸಲವೂ ಎಳೆದು ತೆಗೆದಳು. ಸತ್ತದ್ದು ಸತ್ತಾಯಿತು, ಇನ್ನು ಒಂದು ಗೇಣು ದಾರದಿಂದ ಏನು ಹೆಚ್ಚು ಕಡಿಮೆ ಎಂದು ಒಂದು ಮನಸ್ಸು. ಗೊತ್ತಿಲ್ಲದೆ ಹಾಕಿದ್ದು ಬೇರೆ, ಗೊತ್ತಿದ್ದು ಒಂದು ಹೊಲಿಗೆ ಹಾಕಿದರೂ ಅದು ಬೇರೆ ಎಂದು ಇನ್ನೊಂದು ಮನಸ್ಸು. ಕೊನೆಗೆ ಎದ್ದು ಹೋಗಿ ಬಣ್ಣ ಕಾಣದ ಹತ್ತಿಯ ಬಿಳಿ ದಾರ ತಂದಳು. ಕೆಂಪಿನ ಮೇಲೆ ಬಿಳಿ ಹೊಲಿಗೆ ಹಾಕುವಾಗ ಅವಳ ಕಣ್ಣು ಒಂದೊಂದು ಹೊಲಿಗೆಗೂ ಬೇಡ ಬೇಡ ಎಂದಿತು. ಕೈ ನಿಲ್ಲಲಿಲ್ಲ.

ಶ್ರುತಪಂಚಮಿಯ ದಿನ ಬಸದಿ ತುಂಬಿತ್ತು. ಪುರೋಹಿತರು ಗರಿಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದರು. ಪೂಜೆ ಆಯಿತು. ಪಡಿವಾಳರು ಗಂಟು ಬಿಚ್ಚಿ ವೇಷ್ಟನವನ್ನು ಎಲ್ಲರ ಎದುರು ಹರಡಿದರು. ಆ ಹಳೆಯ ಕೆಂಪಿನ ಸರಿ ನಡುವೆ ಒಂದು ಗೇಣು ಉದ್ದಕ್ಕೆ ಬೆಳ್ಳಗೆ ಹೊಲಿಗೆ. ಹೆಂಗಸರ ಸಾಲಿನಲ್ಲಿ ಪಿಸುಮಾತು ಎದ್ದಿತು.

"ಅಯ್ಯೋ, ಇದ್ಯಾರು ಹೀಗೆ ಕೆಡಿಸಿದ್ದು?"

"ಇನ್ನು ಯಾರು? ಬಣ್ಣ ಬಣ್ಣ ಅಂತ ಎರಡು ವರ್ಷ ಕುಣಿದವಳಿಗೆ ಒಂದು ದಾರ ಹೊಂದಿಸ್ಲಿಕ್ಕೆ ಬರಲಿಲ್ಲ."

ಅತ್ತೆ ತಲೆ ತಗ್ಗಿಸಿದರು. ವಿಮಲಾ ತಿರುಗಿ ಅನಂತಮತಿಯನ್ನು ನೋಡಿದಳು, ಆಮೇಲೆ ಮಾವನನ್ನು ನೋಡಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿಯೇಬಿಟ್ಟರು, "ಎಂತದು ಪಡಿವಾಳರೇ ಇದು? ಅನಂತಮತಿ ಹೊಸದು ಮಾಡಿ ಕೊಡ್ತಾಳೆ ಅಂತ ಹೇಳ್ತಿದ್ದಿರಲ್ಲ?"

ಪಡಿವಾಳರು ಬಿಳಿ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದರು, "ಪಾಪ, ಅವಳು ಪ್ರಯತ್ನಪಟ್ಟಳು. ಆ ಬಣ್ಣ ಅವಳಿಗೆ ಸಿಗಲಿಲ್ಲ."

ಅನಂತಮತಿಗೆ ಮೈಯೆಲ್ಲ ಉರಿಯಿತು. ಸುಟ್ಟ ಸಾರು, ಐದು ಸಲದ 'ಇದು ಅದಲ್ಲ', ಬಸ್ಸಿನಲ್ಲಿ ಆದ ಅವಮಾನ, ಎಲ್ಲ ಸಹಿಸಿದ್ದಳು. ಇದನ್ನು ಸಹಿಸಲಾಗಲಿಲ್ಲ. ಎದ್ದು ನಿಂತಳು. ಬಸದಿಯಲ್ಲಿ ಹೆಂಗಸು ನಡುವೆ ಎದ್ದು ಮಾತಾಡಿದ್ದನ್ನು ಆ ಓಣಿ ಕಂಡಿರಲಿಲ್ಲ. ಎಲ್ಲರೂ ತಿರುಗಿದರು. ಪಡಿವಾಳರ ಮುಖ ಬಿಳಿಚಿತು. ಒಂದೇ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೋಗಿ ಬೀಳುವುದು ಅವರ ಮೇಲಲ್ಲ, ಅಂಚಿನಲ್ಲಿ ಹೆಬ್ಬೆರಳಿನ ಗುರುತು ಬಿಟ್ಟು ಸತ್ತ ಆ ಮುದುಕಿಯ ಮೇಲೆ.

"ಸಿಕ್ಕಿತ್ತು" ಎಂದಳು ಅನಂತಮತಿ. "ಸಿಕ್ಕಿತ್ತು. ಬೇಡ ಅಂತ ನಾನೇ ಬಿಟ್ಟೆ."

ಹಿಂದಿನಿಂದ ಯಾರೋ, "ಎಟುಕದ ದ್ರಾಕ್ಷಿ ಹುಳಿ" ಎಂದರು. ಹೆಂಗಸರ ಸಾಲು ನಕ್ಕಿತು, ಗಂಡಸರ ಸಾಲೂ ನಕ್ಕಿತು. ಪಡಿವಾಳರು ಮಾತ್ರ ನಗಲಿಲ್ಲ. ಗರಿಗಳ ಕಟ್ಟನ್ನು ವೇಷ್ಟನದಲ್ಲಿ ಸುತ್ತಿ, ದಾರ ಬಿಗಿದು, ಬಿಳಿ ಹೊಲಿಗೆ ಅಡಿಗೆ ಬರುವಂತೆ ಹೊರಳಿಸಿ ಪೀಠದ ಮೇಲೆ ಇಟ್ಟರು.